ಕಾರ್ಖಾನೆ ಮಾಡದ ತೋಟಾಗಳು

1969ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ .25-06 ಎಂಬ ರೈಫಲ್ ತೋಟಾವನ್ನು ಮಾರುಕಟ್ಟೆಗೆ ತಂದಿತು. ಅಂಗಡಿಗಳ ಮಟ್ಟಿಗೆ ಅದು ಹೊಸ ಸರಕು, ಬೇಟೆಗಾರರಿಗೆ ಹಳೆಯ ಪರಿಚಯ. ಅಡಾಲ್ಫ್ ನೀಡ್ನರ್ ಎಂಬ ನಳಿಗೆ ತಯಾರಕರು 1920ರ ಸುಮಾರಿಗೇ ಸೈನ್ಯದ .30-06 ತೋಟಾದ ಹಿತ್ತಾಳೆ ಕೊಳವೆಯನ್ನು ತೆಗೆದುಕೊಂಡು, ಅದರ ಕೊರಳನ್ನು ಸುಮಾರು ಕಾಲು ಇಂಚು ದಪ್ಪದ ಗುಂಡು ಕೂರುವಷ್ಟು ಕಿರಿದು ಮಾಡಿ, ಅದಕ್ಕೆ ತಕ್ಕ ರೈಫಲ್‌ಗಳನ್ನು ಕಟ್ಟಿಕೊಟ್ಟಿದ್ದರು. ನಡುವಿನ ಅರ್ಧ ಶತಮಾನ ಈ ತೋಟಾವನ್ನು ಯಾವ ದೊಡ್ಡ ಕಾರ್ಖಾನೆಯೂ ಮಾಡಲಿಲ್ಲ. ಬೇಕಾದವರು ಮನೆಯ ಮೇಜಿನ ಮೇಲೆ, ಒಂದೊಂದಾಗಿ, ತಾವೇ ತುಂಬಿಕೊಂಡರು. ಕೊಳವೆಯ ಬುಡದಲ್ಲಿ ಮಾತ್ರ ಹಳೆಯ ಮುದ್ರೆಯೇ ಉಳಿದಿರುತ್ತಿತ್ತು: .30-06.

ಹೀಗೆ ಯಾವ ಮಾನಕ ಪಟ್ಟಿಯಲ್ಲೂ ಇಲ್ಲದ, ಇರುವ ತೋಟಾವನ್ನೇ ತಿದ್ದಿ ಹುಟ್ಟಿಸಿದ ತೋಟಾವನ್ನು ಅಮೆರಿಕದ ಗುರಿಕಾರರು ವೈಲ್ಡ್‌ಕ್ಯಾಟ್ ಎಂದು ಕರೆಯುತ್ತಾರೆ. ಇಪ್ಪತ್ತನೆಯ ಶತಮಾನದ ರೈಫಲ್ ತೋಟಾಗಳ ಚರಿತ್ರೆಯನ್ನು ಕಂಪನಿಗಳ ಹೆಸರಿನಲ್ಲಿ ಹೇಳುವುದು ರೂಢಿ. ವಿಂಚೆಸ್ಟರ್ ಹೀಗೆ ಮಾಡಿತು, ರೆಮಿಂಗ್ಟನ್ ಹಾಗೆ ಮಾಡಿತು ಎನ್ನುವುದು ಸುಲಭ. ಆ ಹೆಸರುಗಳ ಹಿಂದೆ ಹೋಗಿ ನೋಡಿದರೆ ಸಿಗುವವರು ಒಬ್ಬ ವಕೀಲರು, ಇಬ್ಬರು ವೈದ್ಯರು, ಸೈನ್ಯದ ಕೆಲವು ಕ್ಯಾಪ್ಟನ್‌ಗಳು, ಲಾಂಡ್ರಿ ಮಾಲೀಕರ ಮಗ, ಬೇಸಾಯ ಬಿಟ್ಟು ಬಂದೂಕಿನಂಗಡಿ ಕೊಂಡ ಒಬ್ಬ ಪದವೀಧರ. ಈ ಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದ ಜಾಗ ದೊಡ್ಡದು.

ಮಲೆನಾಡಿನ ಕೇಪಿನ ಕೋವಿಯನ್ನು ಕಂಡವರಿಗೆ ಈ ಕೆಲಸದ ತಿರುಳು ಬೇಗ ಅರ್ಥವಾಗುತ್ತದೆ. ಅಲ್ಲಿ ಪ್ರತಿ ಈಡನ್ನೂ ಕೋವಿಯವನೇ ತುಂಬಬೇಕು. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ಇಟ್ಟು, ಗಜದಿಂದ ಗಿಡಿದು, ಚರೆ ಹಾಕಿ, ಮತ್ತೆ ನಾರು ಗಿಡಿದು, ಕೊನೆಗೆ ಹಿಂದೆ ಕೇಪು ಕೂರಿಸಬೇಕು. ರೈಫಲ್ ತೋಟಾ ಎಂದರೆ ಇದೇ ಮದ್ದು, ಗುಂಡು, ಕೇಪುಗಳನ್ನು ಒಂದು ಹಿತ್ತಾಳೆ ಕೊಳವೆಯೊಳಗೆ ಸೇರಿಸಿಟ್ಟ ಕಟ್ಟು. ಈಡು ಹಾರಿದಾಗ ಮದ್ದು ಉರಿದುಹೋಗುತ್ತದೆ, ಗುಂಡು ಹೋಗುತ್ತದೆ, ಕೇಪು ಸತ್ತುಹೋಗುತ್ತದೆ. ಹಿತ್ತಾಳೆ ಮಾತ್ರ ಉಳಿಯುತ್ತದೆ. ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಈ ಹಿತ್ತಾಳೆಯದೇ ಆದ್ದರಿಂದ ಅದನ್ನು ಬಿಸಾಡಲು ಬಡ ಗುರಿಕಾರನಿಗೆ ಮನಸ್ಸು ಬಾರದು. ಮರುತುಂಬುವ ಹವ್ಯಾಸದ ಮೊದಲ ಕಾರಣ ಈ ಉಳಿತಾಯ.

ಮರುತುಂಬುವುದು ಸಾಧ್ಯವಾದದ್ದು ಒಂದು ಸಣ್ಣ ತೂತಿನಿಂದ. 1866ರ ಆಸುಪಾಸಿನಲ್ಲಿ ಇಬ್ಬರು ಸೈನ್ಯಾಧಿಕಾರಿಗಳು ತೋಟಾದ ಬುಡಕ್ಕೆ ಹೊಸ ಬಗೆಯ ಕೇಪು ರೂಪಿಸಿದರು. ಅಮೆರಿಕದ ಹೈರಮ್ ಬರ್ಡನ್ ಅವರ ವ್ಯವಸ್ಥೆಯಲ್ಲಿ ಕೇಪಿನ ಕಿಡಿ ಒಳಹೋಗಲು ಅಂಚಿನಲ್ಲಿ ಎರಡು ಕಿರು ತೂತುಗಳು, ನಡುವೆ ಹಿತ್ತಾಳೆಯದೇ ಒಂದು ಗುಬಟು. ಇಂಗ್ಲೆಂಡಿನ ವೂಲಿಚ್‌ನಲ್ಲಿದ್ದ ಎಡ್ವರ್ಡ್ ಬಾಕ್ಸರ್ ಅವರ ವ್ಯವಸ್ಥೆಯಲ್ಲಿ ನಟ್ಟನಡುವೆ ಒಂದೇ ತೂತು. ಕಾಲಕ್ರಮದಲ್ಲಿ ಅಮೆರಿಕದವರ ಕೇಪು ಯೂರೋಪಿನಲ್ಲಿ ನೆಲೆಯೂರಿತು, ಇಂಗ್ಲೆಂಡಿನವರದು ಅಮೆರಿಕದಲ್ಲಿ. ಬಾಕ್ಸರ್ ತೋಟಾದಲ್ಲಿ ಬಾಯಿಂದ ಒಂದು ಕಡ್ಡಿ ಇಳಿಸಿ ತಳ್ಳಿದರೆ ಸತ್ತ ಕೇಪು ಹಿಂದಿನಿಂದ ಉದುರುತ್ತದೆ. ಬರ್ಡನ್ ಕೇಪನ್ನು ಹೊರಗಿನಿಂದಲೇ ಮೀಟಿ ತೆಗೆಯಬೇಕು, ಅದು ತಾಪತ್ರಯದ ಕೆಲಸ. ಅಮೆರಿಕದ ಹಳ್ಳಿಗಾಡಿನಲ್ಲಿ ಮರುತುಂಬುವಿಕೆ ಮನೆಮಾತಾಗಿ, ಯೂರೋಪಿನಲ್ಲಿ ಅಷ್ಟಾಗಿ ಹಬ್ಬದಿರಲು ಈ ವ್ಯತ್ಯಾಸ ಒಂದು ಮುಖ್ಯ ಕಾರಣ. ಯೂರೋಪಿನ ಹಲವು ದೇಶಗಳಲ್ಲಿ ಪ್ರತಿ ಬಂದೂಕನ್ನೂ ಸರ್ಕಾರಿ ಪರೀಕ್ಷಾ ಕೇಂದ್ರದಲ್ಲಿ ಹೆಚ್ಚಿನ ಒತ್ತಡದ ಈಡು ಹಾರಿಸಿ ಮುದ್ರೆ ಒತ್ತಿಸಬೇಕಾಗಿದ್ದದ್ದು ಇನ್ನೊಂದು ಕಾರಣ. ಪಟ್ಟಿಯಲ್ಲಿಲ್ಲದ ತೋಟಾಕ್ಕೆ ಅಲ್ಲಿ ದಾರಿ ಕಡಿದಾಗಿತ್ತು.

1870ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆ ಬೇಟೆಗಾರರು ಶಾರ್ಪ್ಸ್ ರೈಫಲ್‌ಗಳ ದೊಡ್ಡ ತೋಟಾಗಳನ್ನು ಬಿಡಾರದ ಬೆಂಕಿಯ ಬಳಿ ಕುಳಿತು ರಾತ್ರಿ ಮರುತುಂಬಿಕೊಳ್ಳುತ್ತಿದ್ದರು. ಅವರು ಕೊಂದ ಕಾಡೆಮ್ಮೆಗಳ ಲೆಕ್ಕ ಅಮೆರಿಕದ ಚರಿತ್ರೆಯ ಕರಾಳ ಪುಟ, ಅದನ್ನು ಮರೆಮಾಚಿ ಈ ಕತೆ ಹೇಳಬಾರದು. ಆ ಬೇಡಿಕೆ ಹುಟ್ಟಿಸಿದ ಉಪಕರಣಗಳು ಮಾತ್ರ ಬೇಟೆ ಮುಗಿದ ಮೇಲೂ ಉಳಿದವು. 1884ರಲ್ಲಿ ಜಾನ್ ಬಾರ್ಲೋ ಕನೆಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಐಡಿಯಲ್ ಎಂಬ ಕಂಪನಿ ಹೂಡಿ, ಇಕ್ಕಳದಂಥ ಒಂದು ಕೈ ಉಪಕರಣ ಮಾರತೊಡಗಿದರು. ಕೇಪು ತೆಗೆಯುವುದು, ಹೊಸ ಕೇಪು ಕೂರಿಸುವುದು, ಗುಂಡು ಒತ್ತುವುದು ಎಲ್ಲವೂ ಅದರಲ್ಲೇ. ಜೊತೆಗೊಂದು ಕೈಪಿಡಿ. ಈ ಕಂಪನಿ 1925ರಲ್ಲಿ ಲೈಮನ್ ಕಂಪನಿಯ ಕೈಸೇರಿತು.

ಅದೇ ಕಾಲಕ್ಕೆ ಪೂರ್ವ ತೀರದ ಪಟ್ಟಣಗಳಲ್ಲಿ ಜರ್ಮನ್ ವಲಸಿಗರು ಶೂಟ್ಸೆನ್ ಎಂಬ ಗುರಿಪಂದ್ಯಗಳನ್ನು ನಡೆಸುತ್ತಿದ್ದರು. ಇಲ್ಲಿ ಉಳಿತಾಯಕ್ಕಿಂತ ಕರಾರುವಾಕ್ಕು ಮುಖ್ಯ. ಹಲವು ಗುರಿಕಾರರು ದಿನವಿಡೀ ಒಂದೇ ಹಿತ್ತಾಳೆ ಕೊಳವೆಯನ್ನು ಬಳಸುತ್ತಿದ್ದರು. ಹಾರಿಸುವುದು, ಅಲ್ಲೇ ಕೇಪು ಬದಲಿಸುವುದು, ಮದ್ದು ತುಂಬುವುದು, ಮತ್ತೆ ಹಾರಿಸುವುದು. ಕೊಳವೆ ಬದಲಾಗದಿದ್ದರೆ ಫಲಿತಾಂಶದಲ್ಲಿ ಏರುಪೇರಿಗೆ ಒಂದು ಕಾರಣ ಕಡಿಮೆಯಾಯಿತು ಎಂಬ ಲೆಕ್ಕ. ಹ್ಯಾರಿ ಪೋಪ್ ಮಾಡಿದ ನಳಿಗೆಗಳಲ್ಲಿ ಗುಂಡನ್ನು ಬಾಯಿಂದ ಇಳಿಸಿ, ಮದ್ದಿನ ಕೊಳವೆಯನ್ನು ಹಿಂದಿನಿಂದ ಹಾಕುವ ವ್ಯವಸ್ಥೆಯಿತ್ತು. ಕೇಪಿನ ಕೋವಿಯ ಕಾಲವೂ ತೋಟಾ ಕೋವಿಯ ಕಾಲವೂ ಒಂದೇ ಆಯುಧದಲ್ಲಿ ಕೂಡಿದ್ದವು.

ಮ್ಯಾಸಚೂಸೆಟ್ಸ್‌ನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಈ ಕುತೂಹಲವನ್ನು ವಿಜ್ಞಾನದ ಕಡೆಗೆ ತಿರುಗಿಸಿದರು. ಗುಂಡುಗಳು ಗುರಿಯಿಂದ ಯಾಕೆ ಚದರುತ್ತವೆ ಎಂಬ ಒಂದೇ ಪ್ರಶ್ನೆಯ ಹಿಂದೆ ಅವರು ದಶಕಗಳನ್ನು ಕಳೆದರು. ಮನುಷ್ಯನ ಕೈನಡುಕ ಲೆಕ್ಕಕ್ಕೆ ಬಾರದಿರಲೆಂದು ನೆಲದಲ್ಲಿ ಕಾಂಕ್ರೀಟ್ ಕಂಬ ಹಾಕಿಸಿ ಅದರ ಮೇಲೆ ನಳಿಗೆಯನ್ನು ಕೂರಿಸಿದರು. ಗುಂಡಿನ ದಾರಿಯುದ್ದಕ್ಕೂ ಕಾಗದದ ಪರದೆಗಳನ್ನು ಕಟ್ಟಿ, ತೂತುಗಳ ಆಕಾರ ನೋಡಿ ಗುಂಡು ಎಲ್ಲಿ ವಾಲಿತು, ಎಷ್ಟು ವಾಲಿತು ಎಂದು ಗುರುತಿಸಿದರು. ಗುಂಡಿನ ಮೂತಿ ಜಜ್ಜಿದರೆ ಆಗುವ ಹಾನಿ ಅಲ್ಪ, ಬುಡ ಓರೆಯಾದರೆ ಆಗುವ ಹಾನಿ ಹೆಚ್ಚು ಎಂಬುದು ಅವರ ಮುಖ್ಯ ಶೋಧಗಳಲ್ಲೊಂದು. 1909ರಲ್ಲಿ ಅವರು ಪ್ರಕಟಿಸಿದ ಪುಸ್ತಕವನ್ನು ಗುರಿಕಾರರು ಇಂದಿಗೂ ಓದುತ್ತಾರೆ. ಸ್ವಂತ ದುಡ್ಡು, ಸ್ವಂತ ಹೊಲ, ಸ್ವಂತ ತಾಳ್ಮೆ ಇಷ್ಟೇ ಬಂಡವಾಳವಾಗಿದ್ದ ಆ ದುಡಿಮೆ ಯಾವ ಪ್ರಯೋಗಶಾಲೆಯ ಕೆಲಸಕ್ಕೂ ಕಡಿಮೆಯಲ್ಲ.

ಮ್ಯಾನ್ ಪುಸ್ತಕ ಬರೆಯುವ ಹೊತ್ತಿಗೆ ಮದ್ದೇ ಬದಲಾಗಿತ್ತು. ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದಿದ್ದರು. ಕರಿಮದ್ದಿಗಿಂತ ಇದರ ಕಸುವು ಬಹಳ ಹೆಚ್ಚು. ಸಣ್ಣ ಗುಂಡನ್ನು ಹಿಂದೆಂದೂ ಕಾಣದ ವೇಗದಲ್ಲಿ ಕಳಿಸಬಹುದು. ವೇಗ ಹೆಚ್ಚಿದಷ್ಟೂ ಗುಂಡಿನ ದಾರಿ ನೇರವಾಗುತ್ತದೆ, ದೂರವನ್ನು ಅಂದಾಜು ಮಾಡುವಾಗ ಆಗುವ ತಪ್ಪು ಅಷ್ಟಾಗಿ ಕಾಡುವುದಿಲ್ಲ. ವೈಲ್ಡ್‌ಕ್ಯಾಟ್ ಕೆಲಸದ ಮೂಲ ತಂತ್ರ ಇಲ್ಲಿಂದ ಹುಟ್ಟಿತು: ದೊಡ್ಡ ಹೊಟ್ಟೆಯ ಕೊಳವೆ ತೆಗೆದುಕೋ, ಕೊರಳನ್ನು ಕಿರಿದು ಮಾಡು, ಸಣ್ಣ ಗುಂಡು ಕೂರಿಸು.

ಈ ತಂತ್ರವನ್ನು ಎಲ್ಲರಿಗಿಂತ ದೂರ ಕೊಂಡೊಯ್ದವರು ನ್ಯೂಯಾರ್ಕ್ ರಾಜ್ಯದ ಬಫೆಲೋ ಪಟ್ಟಣದ ವಕೀಲ ಚಾರ್ಲ್ಸ್ ನ್ಯೂಟನ್. ಸ್ಯಾವೇಜ್ ಕಂಪನಿಗಾಗಿ ಅವರು ರೂಪಿಸಿದ .250-3000 ತೋಟಾ 1915ರಲ್ಲಿ ಬಂತು. ಸೆಕೆಂಡಿಗೆ 3000 ಅಡಿ ವೇಗ ಮುಟ್ಟಿದ ಮೊದಲ ಅಮೆರಿಕನ್ ಮಾರುಕಟ್ಟೆ ತೋಟಾ ಅದು. ನ್ಯೂಟನ್ ಅವರಿಗೆ 100 ಗ್ರೇನ್ ತೂಕದ ಗುಂಡು ಇಷ್ಟವಿತ್ತು. ಕಂಪನಿಗೆ ಹೆಸರಿನಲ್ಲಿ ಆ ದುಂಡು ಸಂಖ್ಯೆ ಬೇಕಿದ್ದರಿಂದ 87 ಗ್ರೇನಿಗೆ ಇಳಿಸಿ ವೇಗ ಮುಟ್ಟಿಸಿತು. ನ್ಯೂಟನ್ ಸ್ವಂತ ಕಂಪನಿಯನ್ನೂ ಕಟ್ಟಿದರು. ಆಗಲೇ ಮೊದಲ ಮಹಾಯುದ್ಧ ಬಂತು, ಸಾಮಗ್ರಿಯೆಲ್ಲ ಸೈನ್ಯದ ಪಾಲಾಯಿತು, 1918ರಲ್ಲಿ ಕಂಪನಿ ದಿವಾಳಿಯಾಯಿತು. ಅವರ ದೊಡ್ಡ ತೋಟಾಗಳಿಗೆ ಇನ್ನೊಂದು ಕಷ್ಟವೂ ಇತ್ತು. ಅಗಲ ಹೊಟ್ಟೆ, ಕಿರಿದಾದ ಕೊರಳಿನ ಕೊಳವೆಗೆ ನಿಧಾನವಾಗಿ ಉರಿಯುವ ಮದ್ದು ಬೇಕು, ಇಲ್ಲದಿದ್ದರೆ ಗುಂಡು ನಳಿಗೆಯಲ್ಲಿ ಮುಂದೆ ಸಾಗುವ ಮೊದಲೇ ಒತ್ತಡ ಮಿತಿಮೀರುತ್ತದೆ. ಅಂಥ ಮದ್ದು ಆಗ ಸಿಗುತ್ತಿರಲಿಲ್ಲ. 1932ರಲ್ಲಿ ತೀರಿಕೊಂಡ ನ್ಯೂಟನ್ ತಮ್ಮ ತೋಟಾಗಳ ನಿಜವಾದ ಕಸುವನ್ನು ನೋಡಲೇ ಇಲ್ಲ.

1920ರ ದಶಕದಲ್ಲಿ ಈ ಹವ್ಯಾಸಕ್ಕೆ ಹೊಸ ಬೇಟೆಯೊಂದು ದಿಕ್ಕು ಕೊಟ್ಟಿತು. ಪೂರ್ವ ಅಮೆರಿಕದ ಹುಲ್ಲುಗಾವಲುಗಳಲ್ಲಿ ವುಡ್‌ಚಕ್ ಎಂಬ ಬಿಲವಾಸಿ ಪ್ರಾಣಿ ಬೆಳೆ ತಿನ್ನುತ್ತಿತ್ತು. ಅದರ ಬಿಲಗಳಲ್ಲಿ ದನ, ಕುದುರೆಗಳು ಕಾಲಿಟ್ಟು ಮುರಿದುಕೊಳ್ಳುತ್ತಿದ್ದವು. ರೈತರು ಗುರಿಕಾರರನ್ನು ಸಂತೋಷದಿಂದ ಹೊಲಕ್ಕೆ ಬಿಟ್ಟುಕೊಂಡರು. ಆದರೆ ಅಕ್ಕಪಕ್ಕ ಮನೆ, ಕೊಟ್ಟಿಗೆಗಳಿವೆ. ಸದ್ದು ಕಡಿಮೆಯಿರಬೇಕು, ಗುಂಡು ನೆಲಕ್ಕೆ ಬಡಿದು ಎಲ್ಲಿಗೋ ಚಿಮ್ಮಬಾರದು, ಇನ್ನೂರು ಗಜ ದೂರದ ಅಂಗೈಯಗಲದ ಗುರಿಗೆ ತಾಗಬೇಕು. ಸಣ್ಣ, ವೇಗದ, ತಾಗಿದೊಡನೆ ಪುಡಿಯಾಗುವ ಗುಂಡಿನ ತೋಟಾವನ್ನು ಯಾವ ಕಂಪನಿಯೂ ಮಾಡುತ್ತಿರಲಿಲ್ಲ.

ಸ್ಪ್ರಿಂಗ್‌ಫೀಲ್ಡ್ ಸೈನಿಕ ಶಸ್ತ್ರಾಗಾರದಲ್ಲಿದ್ದ ಟೌನ್‌ಸೆಂಡ್ ವೆಲೆನ್, ಕ್ಯಾಪ್ಟನ್ ವಾಟ್ಕಿನ್ಸ್, ಕ್ಯಾಪ್ಟನ್ ವುಡಿ ಮೊದಲಾದವರು ಕರಿಮದ್ದಿನ ಕಾಲದ ಮರೆತುಹೋದ .22 ತೋಟಾ ಒಂದನ್ನು ಕೈಗೆತ್ತಿಕೊಂಡು ಹೊಸ ಮದ್ದು ತುಂಬಿ ನೋಡಿದರು. ಅದೇ .22 ಹಾರ್ನೆಟ್. 1930ರಲ್ಲಿ ವಿಂಚೆಸ್ಟರ್ ತೋಟಾ ತಯಾರಿಸತೊಡಗಿದಾಗ ಅದನ್ನು ಹಾರಿಸುವ ರೈಫಲನ್ನು ಆ ಕಂಪನಿಯೇ ಇನ್ನೂ ಮಾಡಿರಲಿಲ್ಲ. ಹವ್ಯಾಸಿಗಳು ಸ್ವತಃ ಮಾಡಿಸಿಕೊಂಡ ರೈಫಲ್‌ಗಳೇ ಮೊದಲ ಗಿರಾಕಿಗಳು.

ನೆಡ್ ರಾಬರ್ಟ್ಸ್ ಇನ್ನೊಂದು ಕಡೆಯಿಂದ ಹೊರಟರು. ಜರ್ಮನಿಯ 7×57 ಮಿ.ಮೀ. ಮೌಸರ್ ತೋಟಾದ ಕೊರಳನ್ನು ಕಾಲು ಇಂಚಿಗೆ ಇಳಿಸಿದರು. 1934ರಲ್ಲಿ ರೆಮಿಂಗ್ಟನ್ ಅದನ್ನು ಸ್ವಲ್ಪ ತಿದ್ದಿ .257 ರಾಬರ್ಟ್ಸ್ ಎಂದು ಅವರ ಹೆಸರನ್ನೇ ಇಟ್ಟು ಮಾರಿತು. ಈ ಜರ್ಮನ್ ತೋಟಾ ಭಾರತದ ಓದುಗರಿಗೆ ಬೇರೆ ಹೆಸರಿನಲ್ಲಿ ಗೊತ್ತು. ಲಂಡನ್ನಿನ ರಿಗ್ಬಿ ಕಂಪನಿ ಅದನ್ನು .275 ಎಂದು ಕರೆಯುತ್ತಿತ್ತು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್ ಅವರಿಗೆ 1907ರಲ್ಲಿ ಉಡುಗೊರೆಯಾಗಿ ಸಿಕ್ಕ ರೈಫಲ್ ಇದೇ ತೋಟಾದ್ದು. ಕಾರ್ಬೆಟ್ ಕುಮಾವೂನಿನ ಬೆಟ್ಟಗಳಲ್ಲಿ ಹೊತ್ತು ತಿರುಗಿದ ತೋಟಾವೂ ಪೂರ್ವ ಅಮೆರಿಕದ ಹುಲ್ಲುಗಾವಲಿನ ತೋಟಾವೂ ಹೊಟ್ಟೆಯಿಂದ ಕೆಳಗೆ ಒಂದೇ.

ಭಾರತದ ನಂಟು ಇನ್ನೂ ಆಳವಾದದ್ದು. ಬ್ರಿಟಿಷ್ ಸರ್ಕಾರ 1900ರ ದಶಕದಲ್ಲಿ .450 ಅಳತೆಯ ರೈಫಲ್‌ಗಳು ಭಾರತಕ್ಕೆ ಬರದಂತೆ ತಡೆಯಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ಗಳ ಅಳತೆ ಅದೇ, ಬೇಟೆಗಾರರ ತೋಟಾಗಳು ಬಂಡುಕೋರರ ಕೈಗೆ ಹೋದಾವೆಂಬ ಭಯ. ಲಂಡನ್ನಿನ ತಯಾರಕರಿಗೆ ಭಾರತ ದೊಡ್ಡ ಮಾರುಕಟ್ಟೆ. ಅವರು ಕೂಡಲೇ .470, .475, .465 ಎಂದು ಸಾಲುಸಾಲಾಗಿ ಹೊಸ ತೋಟಾಗಳನ್ನು ತಂದರು. ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ .465 ಎಂಬುದು .500 ಕೊಳವೆಯ ಕೊರಳನ್ನು ಕಿರಿದು ಮಾಡಿದ್ದೇ ಆಗಿತ್ತು. ಅಮೆರಿಕದ ಹವ್ಯಾಸಿ ವೇಗಕ್ಕಾಗಿ ಮಾಡಿದ್ದನ್ನು ಲಂಡನ್ನಿನ ವ್ಯಾಪಾರಿ ಕಾನೂನಿಗಾಗಿ ಮಾಡಿದ. ಸೈನ್ಯದ ಅಳತೆಗಳನ್ನು ನಾಗರಿಕರಿಂದ ದೂರವಿಡುವ ಈ ನೀತಿ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. ನಮ್ಮ ಸರ್ಕಾರಿ ಕಾರ್ಖಾನೆಗಳು .303ರ ಬದಲು ನಾಗರಿಕರಿಗೆ .315 ರೈಫಲ್ ಮಾಡಿಕೊಟ್ಟವು. ಅದರ ತೋಟಾ ಆಸ್ಟ್ರಿಯಾದ 8 ಮಿ.ಮೀ. ಮ್ಯಾನ್ಲಿಕರ್ ವಂಶದ್ದು.

ಹಿತ್ತಾಳೆಯ ಗುಣವೊಂದನ್ನು ಜಗತ್ತಿಗೆ ಕಲಿಸಿದ್ದೂ ಭಾರತದ ಮಳೆಗಾಲ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನಿಡುತ್ತಿತ್ತು. ತಿಂಗಳುಗಳು ಕಳೆದು ಪೆಟ್ಟಿಗೆ ತೆರೆದರೆ, ಯಾರೂ ಮುಟ್ಟದ ತೋಟಾಗಳ ಕೊರಳು ಬಿರುಕು ಬಿಟ್ಟಿರುತ್ತಿತ್ತು. ಕಾರಣ ತಿಳಿಯಲು ಬಹುಕಾಲ ಹಿಡಿಯಿತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ವಿಜ್ಞಾನಿಗಳು ಅದನ್ನು ವಿವರಿಸಿದರು. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ತಣ್ಣಗಿರುವಾಗಲೇ ಒತ್ತಿ ಎಳೆದ ಹಿತ್ತಾಳೆಯೊಳಗೆ ಉಳಿದ ಬಿಗಿ, ಈ ಮೂರೂ ಸೇರಿದಾಗ ಲೋಹ ಬಿರಿಯುತ್ತದೆ. ಹದವಾಗಿ ಕಾಯಿಸಿದರೆ ಬಿಗಿ ಸಡಿಲುತ್ತದೆ. ಸೈನ್ಯದ ತೋಟಾಗಳ ಕೊರಳಿನ ಸುತ್ತ ಇಂದಿಗೂ ಕಾಣುವ ನೀಲಿಗಂದು ಛಾಯೆ ಹೀಗೆ ಕಾಯಿಸಿದ್ದರ ಗುರುತು.

ವೈಲ್ಡ್‌ಕ್ಯಾಟ್ ಮಾಡುವವನಿಗೆ ಇದು ದಿನನಿತ್ಯದ ಪಾಠ. ಕೊರಳನ್ನು ಉಕ್ಕಿನ ಡೈಯೊಳಗೆ ತೂರಿಸಿ ಕಿರಿದು ಮಾಡಿದಂತೆಲ್ಲ ಹಿತ್ತಾಳೆ ಗಡುಸಾಗುತ್ತದೆ. ಒಂದೇ ಏಟಿಗೆ ಹೆಚ್ಚು ಇಳಿಸಿದರೆ ಸುಕ್ಕುಗಟ್ಟುತ್ತದೆ. ಹಾಗಾಗಿ ಎಣ್ಣೆ ಸವರಿ, ಎರಡು ಮೂರು ಡೈಗಳಲ್ಲಿ ಹಂತಹಂತವಾಗಿ ಇಳಿಸಿ, ನಡುವೆ ಕೊರಳನ್ನು ಮಾತ್ರ ಕಾಯಿಸಬೇಕು. ಬುಡಕ್ಕೆ ಬಿಸಿ ತಾಗಿ ಮೆತ್ತಗಾದರೆ ಆ ಕೊಳವೆ ಅಪಾಯಕಾರಿ. ಒತ್ತಡದ ಪೂರ್ತಿ ಭಾರ ಹೊರುವುದು ಬುಡವೇ. ಕೊರಳು ಕಿರಿದಾದಾಗ ಅದರ ಗೋಡೆ ದಪ್ಪವಾಗುತ್ತದೆ, ಅದನ್ನು ಹೆರೆದು ಸಮ ಮಾಡಬೇಕು. ಕೊನೆಗೆ ಹೊಸ ರೈಫಲ್ಲಿನಲ್ಲೇ ಒಮ್ಮೆ ಹಾರಿಸಿದಾಗ ಹಿತ್ತಾಳೆ ಉಬ್ಬಿ ಚೇಂಬರಿನ ಅಚ್ಚನ್ನು ಪಡೆಯುತ್ತದೆ. ಅಲ್ಲಿಂದಾಚೆಗೆ ಅದು ಆ ರೈಫಲ್ಲಿನ ಸ್ವಂತ ತೋಟಾ.

ಎರಡನೇ ಮಹಾಯುದ್ಧ ಈ ಹವ್ಯಾಸವನ್ನು ಮೊದಲು ಹಸಿವಿಗೆ ದೂಡಿತು, ಆಮೇಲೆ ಹೊಟ್ಟೆತುಂಬ ಉಣ್ಣಿಸಿತು. ಯುದ್ಧಕಾಲದಲ್ಲಿ ತಾಮ್ರ ಸಿಗುತ್ತಿರಲಿಲ್ಲ. ವರ್ನನ್ ಸ್ಪೀಯರ್ ಅವರು ಹಾರಿಸಿ ಬಿಸಾಡಿದ ಪುಟ್ಟ .22 ತೋಟಾಗಳ ಹಿತ್ತಾಳೆಯನ್ನೇ ಒತ್ತಿ ಗುಂಡಿನ ಹೊರಕವಚ ಮಾಡುವ ದಾರಿ ಹಿಡಿದು, 1944ರಲ್ಲಿ ಐಡಹೋ ರಾಜ್ಯದ ಲೂಯಿಸ್ಟನ್‌ನಲ್ಲಿ ಗುಂಡು ತಯಾರಿಕೆ ಆರಂಭಿಸಿದರು. ಕ್ಯಾಲಿಫೋರ್ನಿಯಾದ ಒರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ತಂದೆಯ ಲಾಂಡ್ರಿಯ ಮೂಲೆಯಲ್ಲಿ ಇಂಥ ಕವಚ ಒತ್ತುವ ಡೈಗಳನ್ನು ಕಡೆಯತೊಡಗಿದರು. ಅವರ ಆರ್‌ಸಿಬಿಎಸ್ ಇಂದು ಮರುತುಂಬುವ ಉಪಕರಣಗಳಲ್ಲಿ ದೊಡ್ಡ ಹೆಸರು. ಅವರೇ ರೂಪಿಸಿದ 6 ಮಿ.ಮೀ. ವೈಲ್ಡ್‌ಕ್ಯಾಟ್ ಒಂದು 1955ರಲ್ಲಿ ರೆಮಿಂಗ್ಟನ್ನಿನ .244 ಆಗಿ ಹೊರಬಂತು.

ಯುದ್ಧ ಮುಗಿದ ಮೇಲೆ ಸರ್ಕಾರದ ಉಗ್ರಾಣಗಳಲ್ಲಿ ಮದ್ದು ರಾಶಿ ಬಿದ್ದಿತ್ತು. ಕ್ಯಾನ್ಸಸ್ ರಾಜ್ಯದ ಬ್ರೂಸ್ ಹಾಜ್ಡನ್ ತಮ್ಮ ಜೀವವಿಮೆಯ ಮೇಲೆ ಸಾಲ ತೆಗೆದು 50,000 ಪೌಂಡ್ ಮಿಲಿಟರಿ ಮದ್ದು ಕೊಂಡರು. ಇಡಲು ಜಾಗವಿಲ್ಲದೆ ಹಳೆಯ ರೈಲು ಡಬ್ಬಿಯೊಂದನ್ನು ಹುಲ್ಲುಗಾವಲಿಗೆ ತರಿಸಿ ಅದರೊಳಗೆ ದಾಸ್ತಾನಿಟ್ಟರು. ಪೌಂಡಿಗೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಅಂಚೆ ಮೂಲಕ ಗಿರಾಕಿ ಹುಡುಕಿದರು. ಆಮೇಲೆ ಅವರ ಬಳಿಗೆ ಬಂದ ಇನ್ನೊಂದು ಮದ್ದು 4831, 20 ಮಿ.ಮೀ. ವಿಮಾನ ಫಿರಂಗಿಗೆಂದು ಮಾಡಿದ್ದು. ತೀರ ನಿಧಾನವಾಗಿ ಉರಿಯುವಂಥದ್ದು. ನ್ಯೂಟನ್‌ಗೆ ಸಿಗದೇ ಹೋದದ್ದು, ನೀಡ್ನರ್ ಅವರ .25-06 ಕಾಲು ಶತಮಾನ ಕಾದದ್ದು ಇದಕ್ಕೇ. ಅಲ್ಲಿಯವರೆಗೆ ಮದ್ದು ವ್ಯರ್ಥ ಮಾಡುವ ತೋಟಾ ಎನಿಸಿಕೊಂಡಿದ್ದ .25-06 ಒಮ್ಮೆಗೇ ಚುರುಕಾಯಿತು. ತೋಟಾದ ಆಕಾರದಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ.

ಈ ಸುಗ್ಗಿಯ ಕಾಲದ ದೊಡ್ಡ ವ್ಯಕ್ತಿ ಪಾರ್ಕರ್ ಒಟ್ಟೋ ಆಕ್ಲಿ. 1903ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ, ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಓದಿ, ಬೇಸಾಯಕ್ಕಿಳಿದವರು. 1930ರ ದಶಕದ ಆರ್ಥಿಕ ಕುಸಿತದ ನಡುವೆ ಆರೆಗನ್ ರಾಜ್ಯದ ರೋಸ್‌ಬರ್ಗ್‌ನಲ್ಲಿ ಬಂದೂಕಿನಂಗಡಿಯೊಂದನ್ನು ಕೊಂಡು, ನಳಿಗೆ ಕೊರೆಯುವುದನ್ನು ಕಲಿತರು. ಯುದ್ಧಾನಂತರ ಕೊಲರಾಡೋದ ಟ್ರಿನಿಡಾಡ್‌ನಲ್ಲಿ ನೆಲೆಸಿ, ಅಲ್ಲಿನ ಕಾಲೇಜಿನಲ್ಲಿ ಬಂದೂಕು ಕೆಲಸ ಕಲಿಸಿದರು. ಯುದ್ಧದಿಂದ ಮರಳಿದ ಎಷ್ಟೋ ಯುವಕರು ಅವರ ಬಳಿ ಕಸುಬು ಕಲಿತು ದೇಶದ ಮೂಲೆಮೂಲೆಯಲ್ಲಿ ಅಂಗಡಿ ಇಟ್ಟರು.

ಆಕ್ಲಿ ಹೆಸರಿನಲ್ಲಿ ನಿಂತ ಸುಧಾರಣೆ ಸರಳ, ಜಾಣತನದ್ದು. ಹಳೆಯ ತೋಟಾಗಳ ಮೈ ಮೇಲಕ್ಕೆ ಹೋದಂತೆ ಸಣ್ಣಗಾಗುತ್ತಿತ್ತು, ಹೆಗಲು ಇಳಿಜಾರಾಗಿತ್ತು. ಆಕ್ಲಿ ಮೈಯನ್ನು ನೆಟ್ಟಗೆ ಮಾಡಿ, ಹೆಗಲನ್ನು 40 ಡಿಗ್ರಿಗೆ ಏರಿಸಿದರು. ಮದ್ದಿಗೆ ಸ್ವಲ್ಪ ಹೆಚ್ಚು ಜಾಗ ಸಿಕ್ಕಿತು, ಹಿತ್ತಾಳೆ ಮುಂದಕ್ಕೆ ಹರಿದು ಉದ್ದವಾಗುವುದು ಕಡಿಮೆಯಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಕೊರಳು ಹೆಗಲನ್ನು ಸೇರುವ ಜಾಗ ಮೂಲದಂತೆಯೇ ಉಳಿಯಿತು. ಸರಿಯಾಗಿ ಕೊರೆದ ಚೇಂಬರಿನಲ್ಲಿ ಅಂಗಡಿಯ ಮಾಮೂಲಿ ತೋಟಾವನ್ನೂ ಹಾರಿಸಬಹುದು. ಅದು ಹೊರಬರುವಾಗ ಹೊಸ ಆಕಾರ ತಳೆದಿರುತ್ತದೆ. ದೂರದ ಬೇಟೆಯೂರಿನಲ್ಲಿ ಮನೆಯ ತೋಟಾ ಮುಗಿದವನಿಗೆ ಅಲ್ಲಿನ ಅಂಗಡಿ ಸಾಕು.

ನೆಟ್ಟಗಿನ ಮೈ ಚೇಂಬರಿನ ಗೋಡೆಯನ್ನು ಹೆಚ್ಚು ಬಿಗಿಯಾಗಿ ಕಚ್ಚುತ್ತದೆ, ಹಿಂದಕ್ಕೆ ಒದೆಯುವ ಒತ್ತಡ ತಗ್ಗುತ್ತದೆ ಎಂಬುದು ಆಕ್ಲಿಯವರ ವಾದವಾಗಿತ್ತು. ವಾದಕ್ಕೆ ಸಾಕ್ಷಿ ಬೇಕೆಂದು ಅವರು ವಿಂಚೆಸ್ಟರ್ 94 ರೈಫಲ್ಲಿನ ಹಿಂಬಾಗಿಲನ್ನು ಹಿಡಿದಿಡುವ ಬೀಗವನ್ನೇ ತೆಗೆದು, ತಮ್ಮ ಸುಧಾರಿತ .30-30 ತೋಟಾ ಹಾರಿಸಿ ತೋರಿಸಿದರು. ಯುದ್ಧದಲ್ಲಿ ವಶವಾದ ಹಲವು ದೇಶಗಳ ರೈಫಲ್‌ಗಳನ್ನು ಒಂದೊಂದಾಗಿ ಒಡೆಯುವವರೆಗೂ ಪರೀಕ್ಷಿಸಿದರು. ಜಪಾನಿನ ಅರಿಸಾಕಾ ದುರ್ಬಲವೆಂದು ಅಮೆರಿಕನ್ನರು ನಂಬಿದ್ದ ಕಾಲವದು. ಆಕ್ಲಿಯವರ ಪರೀಕ್ಷೆಯಲ್ಲಿ ಕೊನೆಯವರೆಗೂ ನಿಂತದ್ದು ಅದೇ. ಶತ್ರುದೇಶದ ಆಯುಧದ ಬಗ್ಗೆ ಸತ್ಯವನ್ನು ಹಾಗೇ ಬರೆದಿಟ್ಟ ಆ ನಿಷ್ಠೆ ದೊಡ್ಡದು.

ಅತಿರೇಕಗಳನ್ನೂ ಅವರು ಪರೀಕ್ಷಿಸಿದರು. ಸೆಕೆಂಡಿಗೆ 5000 ಅಡಿ ವೇಗ ಮುಟ್ಟಲಾದೀತೇ ಎಂದು ಪತ್ರಕರ್ತ ಬಾಬ್ ಹಟನ್ ಕೇಳಿದಾಗ, ಆನೆ ಬೇಟೆಗೆ ಸಾಕಾಗುವ .378 ವೆದರ್‌ಬಿ ಕೊಳವೆಯ ಕೊರಳನ್ನು .22ಕ್ಕೆ ಇಳಿಸಿದರು. ವೇಗ ಸುಮಾರು 4600 ಅಡಿಯ ಆಚೆ ಹೋಗಲಿಲ್ಲ. ಕೊಳವೆಯಲ್ಲಿ ಎಷ್ಟು ಮದ್ದು ತುಂಬಿದರೂ ಕಿರಿದಾದ ನಳಿಗೆಯಲ್ಲಿ ಅದು ಉರಿಯಲು ಒಂದು ಮಿತಿಯಿದೆ, ಮಿತಿ ದಾಟಿದ ಮದ್ದು ನಳಿಗೆಯನ್ನು ಸುಡುತ್ತದೆ ಅಷ್ಟೇ. 1962ರಲ್ಲಿ ಪ್ರಕಟವಾದ ಅವರ ಕೈಪಿಡಿಯ ಮೊದಲ ಸಂಪುಟದಲ್ಲಿ ಗೆದ್ದ ತೋಟಾಗಳ ಜೊತೆಗೆ ಸೋತವುಗಳ ವಿವರವೂ ಇದೆ. ಇದನ್ನು ಯಾಕೆ ಮಾಡಿದರೋ, ಇದರಿಂದ ಲಾಭವಿಲ್ಲ ಎಂದು ನೇರವಾಗಿ ಹೇಳುವುದಕ್ಕೆ ಅವರು ಹಿಂಜರಿಯಲಿಲ್ಲ, ತಮ್ಮವೇ ಆದರೂ. ವೇಗ ಅಳೆಯುವ ಕ್ರೋನೋಗ್ರಾಫ್ ಸಾಮಾನ್ಯರ ಕೈಗೆಟುಕದ ಕಾಲದಲ್ಲಿ ಇಂಥ ಬರಹಕ್ಕೆ ಬೆಲೆ ಹೆಚ್ಚು. ಮುಂದೆ ಆ ಯಂತ್ರ ಅಗ್ಗವಾದಾಗ ಎಷ್ಟೋ ವೈಲ್ಡ್‌ಕ್ಯಾಟ್‌ಗಳ ಹೆಗ್ಗಳಿಕೆ ನೂರಾರು ಅಡಿ ಕುಸಿಯಿತು.

ಗೆದ್ದವುಗಳಲ್ಲಿ .22-250ರ ಕತೆ ವಿಶೇಷ. ನ್ಯೂಟನ್ ಅವರ .250 ಕೊಳವೆಯ ಕೊರಳನ್ನು .22ಕ್ಕೆ ಇಳಿಸಿ 1930ರ ದಶಕದಲ್ಲಿ ಹಲವರು ಹಲವು ರೀತಿ ಪ್ರಯೋಗ ಮಾಡಿದರು. ಜೆ. ಇ. ಗೆಬಿ ಅವರು ವಾರ್ಮಿಂಟರ್ ಎಂಬ ಹೆಸರನ್ನು ನೋಂದಾಯಿಸಿಕೊಂಡದ್ದರಿಂದ ಉಳಿದವರು ಅಂಕಿಗಳಲ್ಲೇ ಕರೆದರು. 1963ರಲ್ಲಿ ಬ್ರೌನಿಂಗ್ ಕಂಪನಿ ಒಂದು ಧೈರ್ಯ ಮಾಡಿತು. ಯಾವ ಕಾರ್ಖಾನೆಯೂ ತೋಟಾ ಮಾಡದಿರುವಾಗಲೇ ಅದಕ್ಕೊಂದು ರೈಫಲ್ ಮಾರತೊಡಗಿತು. ಕೊಂಡವರು ತೋಟಾವನ್ನು ತಾವೇ ತುಂಬಿಕೊಳ್ಳುತ್ತಾರೆ ಎಂಬ ಭರವಸೆ ಅಷ್ಟು ಗಟ್ಟಿಯಾಗಿತ್ತು. ಎರಡು ವರ್ಷದ ಮೇಲೆ, 1965ರಲ್ಲಿ, ರೆಮಿಂಗ್ಟನ್ ತೋಟಾವನ್ನೂ ತಂದಿತು. .35 ವೆಲೆನ್ ಎಂಬ ವೈಲ್ಡ್‌ಕ್ಯಾಟ್ ಮಾತ್ರ ಕಾರ್ಖಾನೆ ಸೇರಲು 1922ರಿಂದ 1988ರವರೆಗೆ ಕಾಯಬೇಕಾಯಿತು.

ಭಾರತದಲ್ಲಿ ಈ ಹವ್ಯಾಸ ಬೇರು ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ತೋಟಾ ತಯಾರಿಕೆಗೂ ಪರವಾನಗಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, ಅದು ಆಗಲೇಬೇಕಾಗಿದ್ದ ಕೆಲಸ. ಒಲಿಂಪಿಕ್ ಪಂದ್ಯಗಳ ರೈಫಲ್‌ಗಳು ಒಂದೋ ಗಾಳಿಯವು, ಇಲ್ಲವೇ .22 ರಿಮ್‌ಫೈರ್. ರಿಮ್‌ಫೈರ್ ತೋಟಾದಲ್ಲಿ ಕೇಪಿನ ಮದ್ದು ಬುಡದ ಅಂಚಿನೊಳಗೇ ಇರುವುದರಿಂದ ಮರುತುಂಬಲು ಅದು ಒಗ್ಗದು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನವರಿಗೆ ಗುರಿಯ ಸಂಭ್ರಮ ಹೊಸದೇನಲ್ಲ. ತೋಟಾದ ಆಕಾರವನ್ನೇ ತಿದ್ದುವ ಸಂಭ್ರಮ ಮಾತ್ರ ಇಲ್ಲಿಗೆ ಬರಲಿಲ್ಲ.

ಗುರಿಪಂದ್ಯದ ವೈಲ್ಡ್‌ಕ್ಯಾಟ್‌ಗಳಲ್ಲಿ ಅತ್ಯಂತ ನಿಖರವಾದದ್ದು ಹುಟ್ಟಿದ್ದು ಶೀತಲ ಸಮರದ ನಡುವೆ, ಸೋವಿಯತ್ ಹಿತ್ತಾಳೆಯಿಂದ. ಸೋವಿಯತ್ ಸೈನ್ಯದ 7.62×39 ತೋಟಾದಿಂದ ಅಲ್ಲಿನವರು ಬೇಟೆಗೆ, ಓಡುವ ಗುರಿಯ ಪಂದ್ಯಕ್ಕೆಂದು .220 ರಷ್ಯನ್ ಮಾಡಿಕೊಂಡಿದ್ದರು. 1975ರಲ್ಲಿ ವೈದ್ಯ ಲೂಯಿ ಪಾಲ್ಮಿಸಾನೊ, ಡೈ ಕಡೆಯುವ ಫೆರಿಸ್ ಪಿಂಡೆಲ್ ಅದರ ಮೈ ಉಬ್ಬಿಸಿ, ಕೊರಳನ್ನು 6 ಮಿ.ಮೀ.ಗೆ ಹಿಗ್ಗಿಸಿದರು. ಹೀಗೆ ಹುಟ್ಟಿದ 6 ಮಿ.ಮೀ. ಪಿಪಿಸಿ ಗಿಡ್ಡ, ದಪ್ಪ ತೋಟಾ. ಮದ್ದಿನ ಕಂಬ ಚಿಕ್ಕದು, ಕೇಪು ಚಿಕ್ಕದು, ಕಿಡಿಯ ತೂತು ಸಾಮಾನ್ಯಕ್ಕಿಂತ ಕಿರಿದು. ವೇಗದ ಹುಚ್ಚು ಬಿಟ್ಟು, ಪ್ರತಿ ಈಡೂ ಹಿಂದಿನದರಂತೆಯೇ ಉರಿಯಬೇಕೆಂಬ ಫ್ರಾಂಕ್ಲಿನ್ ಮ್ಯಾನ್ ಅವರ ಹಂಬಲಕ್ಕೆ ಮರಳಿದ ತೋಟಾ. ರೈಫಲನ್ನು ಮೇಜಿನ ಮೇಲಿಟ್ಟು ನೂರು ಗಜಕ್ಕೆ ಐದು ಗುಂಡು ಹಾರಿಸಿ, ಆ ತೂತುಗಳ ನಡುವಿನ ದೂರವನ್ನು ಇಂಚಿನ ಸಾವಿರದಲ್ಲೊಂದು ಭಾಗದವರೆಗೆ ಅಳೆಯುವ ಬೆಂಚ್‌ರೆಸ್ಟ್ ಪಂದ್ಯಗಳನ್ನು ಅದು ಕೆಲವೇ ವರ್ಷಗಳಲ್ಲಿ ಆಕ್ರಮಿಸಿಕೊಂಡಿತು. ಫಿನ್ಲೆಂಡಿನ ಸಾಕೋ ಕಂಪನಿ ಮುಂದೆ ಪಿಪಿಸಿ ತೋಟಾವನ್ನೂ ರೈಫಲ್ಲನ್ನೂ ಮಾರಿತು. ಹಾಗಿದ್ದರೂ ಪಂದ್ಯಕ್ಕಿಳಿಯುವ ಗುರಿಕಾರರಲ್ಲಿ ಬಹುಪಾಲು ಜನ ಅದೇ ದೇಶದ ಲಪುವಾ ಕಂಪನಿಯ .220 ರಷ್ಯನ್ ಕೊಳವೆಗಳನ್ನು ಕೊಂಡು, ಕೊರಳು ಹಿಗ್ಗಿಸಿ, ಗೋಡೆ ಹೆರೆದು, ತಮ್ಮ ರೈಫಲ್ಲಿನಲ್ಲೇ ಒಮ್ಮೆ ಹಾರಿಸಿ, ಪಿಪಿಸಿಯನ್ನು ಈಗಲೂ ತಾವೇ ಮಾಡಿಕೊಳ್ಳುತ್ತಾರೆ.